ಔಷಧಿ ಹೊಡೆದ ಬೆಳಿಗ್ಗೆ

ನಿಡಘಟ್ಟದಾಚೆ ಸಂಪತ್ ಕುಮಾರರ ಪಾಲಿಹೌಸಿನಲ್ಲಿ ವಾರಕ್ಕೆರಡು ಸಲ ಬೆಳಿಗ್ಗೆ ಆರಕ್ಕೇ ಗಿಡಗಳಿಗೆ ಹುಳದ ಔಷಧಿ ಹೊಡೆಯುತ್ತಿದ್ದರು. ಅದಕ್ಕೆ ಮುಂಚೆ ಸುತ್ತಲ ಪ್ಲಾಸ್ಟಿಕ್ ಪರದೆ ಇಳಿಸುತ್ತಿದ್ದರು. ಗಾಳಿಗೆ ಹಾರಿಹೋದರೆ ಔಷಧಿ ದಂಡವಲ್ಲವೇ? ಎಂಟಕ್ಕೆ ಹೆಂಗಸರು ಕ್ಯಾಪ್ಸಿಕಂ ಕೀಳಲು ಒಳಗೆ ಹೋಗಬೇಕು, ಹನ್ನೊಂದಕ್ಕೆ ಬೆಂಗಳೂರಿನ ಲಾರಿ ಬರುತ್ತದೆ. ಮೊದಲು ಕಾಲಿಡುತ್ತಿದ್ದವಳು ಮಂಗಳಮ್ಮ. ಅವಳು ಕೆಮ್ಮದಿದ್ದರೆ ಉಳಿದವರು ಅವಳ ಹಿಂದೆಯೇ ಒಳಗೆ ಹೋಗುತ್ತಿದ್ದರು. ಮೂರು ವರ್ಷದಿಂದ ಅವಳು ಕೆಮ್ಮಿರಲೇ ಇಲ್ಲ. ಪಳಗಿದವಳು ಎಂದು ಹೆಸರು. ಆ ಹೆಸರು ಅವಳಿಗೂ ಹಿತವಾಗಿಯೇ ಇತ್ತು.

ಮೊದಮೊದಲು ತಲೆ ಸಿಡಿಯುತ್ತಿತ್ತು, ಕಣ್ಣು ಉರಿಯುತ್ತಿತ್ತು. ಆಮೇಲೆ ಆ ಘಾಟು ತಿಳಿಯುವುದೇ ನಿಂತಿತು. ಒಗ್ಗರಣೆಯ ಘಮವೂ ಅದರ ಜೊತೆಗೇ ಹೋಯಿತು. ಬೆರಳ ತುದಿಗೆ ಹಿಡಿದ ಜೋಮು ಬಿಡಲಿಲ್ಲ. ಮಂಗಳಮ್ಮ ಇದಕ್ಕೆಲ್ಲ ಅಳಲಿಲ್ಲ. ಅಳು ಬಂದರೆ ತಾನೆ.

ಸೊಸೆ ಅರುಂಧತಿ ನಾಲ್ಕು ತಿಂಗಳ ಬಸುರಿ. ತಾನೂ ದುಡಿಯುತ್ತೇನೆಂದು ಹಟ ಹಿಡಿದು ಬಂದವಳು ಮೊದಲ ದಿನವೇ ಸಾಲಿನ ಮಧ್ಯೆ ವಾಂತಿ ಮಾಡಿಕೊಂಡು ಕುಸಿದಳು.

"ಅಬ್ಯಾಸ ಆಯ್ತದೆ ಬುಡವ್ವ" ಎಂದಳು ಮಂಗಳಮ್ಮ.

ಮದ್ದೂರಿನಲ್ಲಿ ತೋರಿಸಲು ಹೋದಾಗಲೂ ಅದನ್ನೇ ಅಂದಳು, ತನಗೀಗ ಘಾಟೇ ತಿಳಿಯುವುದಿಲ್ಲ ಎಂದೂ ಸೇರಿಸಿದಳು. ಅದನ್ನು ಕೇಳಿ ಡಾಕ್ಟರಮ್ಮ ಸೊಸೆಯನ್ನು ಬಿಟ್ಟು ಅತ್ತೆಯನ್ನೇ ಕೂರಿಸಿಕೊಂಡರು. ಕಣ್ಣು ಮುಚ್ಚಿಸಿ ಬೆರಳಿಗೆ ಸೂಜಿ ತಾಗಿಸಿದರು, ಮೂಗಿಗೆ ಕಾಫಿಪುಡಿ ಹಿಡಿದರು. ಎರಡೂ ಅವಳಿಗೆ ತಿಳಿಯಲಿಲ್ಲ. ಇದು ಅಭ್ಯಾಸವಲ್ಲ, ವಿಷ ಮೈಗಿಳಿದಿದೆ ಎಂದರು. ಔಷಧಿ ಹೊಡೆದ ದಿನ ಯಾರೂ ಒಳಗೆ ಹೋಗಬಾರದು, ಪರದೆ ಎತ್ತಿ ಗಾಳಿಯಾಡಿಸಬೇಕು. ಬಸುರಿಯಂತೂ ಅತ್ತ ತಲೆಯನ್ನೇ ಹಾಕಬಾರದು ಎಂದರು.

ವಾಪಸು ಬರುವಾಗ ಮಂಗಳಮ್ಮನಿಗೆ ಹೆದರಿಕೆಯೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಆಲೆಮನೆಯಲ್ಲಿ ಬೆಲ್ಲ ಕಾಯುತ್ತಿದೆ ಎಂದು ಸೊಸೆ ಬಸ್ಸಿನ ಕಿಟಕಿಗೆ ಮೂಗೊಡ್ಡಿದಳು. ಮಂಗಳಮ್ಮ ಅವಳ ಮುಖವನ್ನೇ ನೋಡುತ್ತ ಕೂತಳು.

ಮುಂದಿನ ಸಲ ಔಷಧಿ ಹೊಡೆದ ದಿನ ಅರುಂಧತಿ ಮತ್ತೆ ಸೆರಗು ಸಿಕ್ಕಿಸಿ ಹೊರಟಳು. ಬೇಡವೆಂದರೆ, "ಅಬ್ಯಾಸ ಆಯ್ತದೆ ಅಂತ ನೀವೇ ಅಂದ್ರಲ್ಲತ್ತೆ" ಎಂದಳು. ಮಂಗಳಮ್ಮ ಅವಳಿಗಿಂತ ಮುಂದಾಗಿ ನಡೆದಳು. ಪಾಲಿಹೌಸಿನ ಬಾಗಿಲಿಗೆ ಬಂದಾಗ ಒಳಗೆ ಹೋಗದೆ, ಅಡ್ಡವಾಗಿ ಕೂತುಬಿಟ್ಟಳು.

ಸಂಪತ್ ಕುಮಾರರು ಕೆಟ್ಟವರಲ್ಲ. ಮಾಸ್ಕು ತರಿಸಿಕೊಟ್ಟಿದ್ದರು, ಆ ಸೆಕೆಯಲ್ಲಿ ಯಾರೂ ಹಾಕಿಕೊಳ್ಳಲಿಲ್ಲ, ಅವರೂ ಮತ್ತೆ ಕೇಳಲಿಲ್ಲ. ಈಗ ಕಾಯಿ ಹಣ್ಣಾಗುತ್ತದೆ, ಲಾರಿ ಕಾಯುವುದಿಲ್ಲ ಎಂದು ಗೋಗರೆದರು.

"ಮೂರು ವರ್ಷದಿಂದ ನೋಡ್ತಿದೀನಿ, ನಿಮಗೇ ಏನೂ ಆಗಿಲ್ವಲ್ಲ ಮಂಗಳಮ್ಮ?"

"ಆಗಿರೋದೇ ಅದು ಸಾ. ನಂಗೆ ಗಾಟು ತಿಳಿಯಾಕಿಲ್ಲ. ಇವಳ್ಗಿನ್ನೂ ತಿಳೀತದೆ. ಅದ್ಕೇ ಬುಡಾಕಿಲ್ಲ."

ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಕೂತರು. ಸಂಪತ್ ಕುಮಾರರು ತಾವೇ ಬಾಗಿಲು ಸರಿಸಿ ಒಳಗೆ ತಲೆ ಹಾಕಿದರು, ಕೆಮ್ಮುತ್ತ ಹಿಂದೆ ಬಂದರು. ನಾಳೆ ಬಾ ಎಂದು ಲಾರಿಯವನಿಗೆ ಫೋನು ಮಾಡಿದರು. ಆಮೇಲೆ ಪರದೆ ಎತ್ತಲು ಹೇಳಿದರು.

ಪರದೆ ಮೇಲೇರಿದಂತೆ ಎಲ್ಲರೂ ಮೂಗು ಮುಚ್ಚಿಕೊಂಡು ದೂರ ಓಡಿದರು. ಮಂಗಳಮ್ಮ ಮಾತ್ರ ಏನೂ ತಿಳಿಯದೆ ಕೂತಲ್ಲೇ ಕೂತಿದ್ದಳು. ಅರುಂಧತಿ ಉಸಿರು ಬಿಗಿಹಿಡಿದು ಓಡಿಬಂದು, ಅವಳ ಕೈ ಹಿಡಿದೆಬ್ಬಿಸಿ ಆಚೆಗೆ ಕರೆದುಕೊಂಡು ಹೋದಳು.