ಒಡೆದ ಕೆಂಪು ಟೈಲು

“ತುಸು ವಾಲಿಸಿ... ಇನ್ನೂ ಸ್ವಲ್ಪ!” ಎನ್ನುತ್ತ ನಾಲ್ವರು ವಿಲ್ಫ್‌ನ ಶವಪೆಟ್ಟಿಗೆಯನ್ನು ಚರ್ಚಿನ ಕಿರುಬಾಗಿಲಿನಿಂದ ಹೊರತಂದರು.

“ಅವನೆಲ್ಲಿ ಇಷ್ಟು ಭಾರ ಇದ್ದ?” ಎಂದಳು ಅವನ ಅಕ್ಕ ಹಿಲ್ಡಾ.

“ಒಳಗೆ ಟೈಲು ತುಂಬಿಸ್ಕೊಂಡಿರ್ತಾನೆ ಬಿಡು,” ಅಂದಳು ಹೆಂಡತಿ ಎಡ್ನಾ. ಯಾರೋ ನಕ್ಕು, ಅದನ್ನು ಕೆಮ್ಮಿನಲ್ಲಿ ಮರೆಸಿದರು.

ಪಿಂಗಾಣಿ ಕಾರ್ಖಾನೆಗಳ ಊರಾದ ಬರ್ಸ್ಲೆಮ್‌ನಲ್ಲಿ ಬಸ್ಸು ಓಡಿಸಿ ನಿವೃತ್ತನಾದ ವಿಲ್ಫ್‌ಗೆ ಇದ್ದದ್ದು ಅದೊಂದೇ ಹುಚ್ಚು. ಹಿಂದಿನ ಕಾಲದ ಕಾರ್ಖಾನೆಯವರು ಹೊಸ ಬಣ್ಣ ಬಂದೀತೇನೋ ಎಂದು ಗಾಜಿನಂಥ ಮೆರುಗು ಬಳಿದು ಗೂಡಿನಲ್ಲಿ ಸುಟ್ಟುನೋಡಿದ ಗೋಡೆಯ ಟೈಲುಗಳನ್ನು ಕೂಡಿಹಾಕುವುದು. ಕೆಲವು ಗುಳ್ಳೆಯೆದ್ದಿದ್ದವು, ಕೆಲವು ಹಸಿರಾಗಲು ಹೋಗಿ ಕಂದುಗಟ್ಟಿದ್ದವು. ಎಲ್ಲವೂ ಹಿತ್ತಿಲ ಶೆಡ್ಡಿನಲ್ಲಿದ್ದವು. ಎಡ್ನಾ ಅಲ್ಲಿಗೆ ಕಾಲಿಡುತ್ತಿರಲಿಲ್ಲ.

*

ಮದುವೆಯಾದ ಹೊಸತರಲ್ಲಿ ಇಬ್ಬರೂ ಸಮುದ್ರತೀರಕ್ಕೆ ಹೋಗಿದ್ದರು. ವಾಪಸು ಬಸ್ಸು ಹೊರಟಾಗ ವಿಲ್ಫ್ ಯಾವುದೋ ಹಳೆ ಸಾಮಾನಿನ ಅಂಗಡಿಯಲ್ಲಿದ್ದ. ಎಡ್ನಾ ಒಬ್ಬಳೇ ಬಂದಳು. ಮರುದಿನ ಅವನು ಅಂಗಿಯಲ್ಲಿ ಸುತ್ತಿದ ಕೆಂಪು ಟೈಲೊಂದನ್ನು ತಂದು ಅಡುಗೆಮನೆಯ ಮೇಜಿನ ಮೇಲಿಟ್ಟ.

“ನೋಡೇ, ಈ ಕೆಂಪು ಮಾಡಿದವರಿಗೇ ಎರಡನೇ ಸಲ ಬರಲಿಲ್ವಂತೆ.”

“ಗಂಡ ಓಡಿಹೋದ್ನಾ ಅಂತ ಬಸ್ಸಲ್ಲಿ ಎಲ್ರೂ ಕೇಳಿದ್ರು,” ಎನ್ನುತ್ತ ಎಡ್ನಾ ಅದನ್ನೆತ್ತಿ ನೆಲಕ್ಕೆ ಕುಕ್ಕಿದಳು.

ಅವನು ಬೈಯಲಿಲ್ಲ. ಮಂಡಿಯೂರಿ ಚೂರುಗಳನ್ನು ಆರಿಸಿ ಶೆಡ್ಡಿಗೆ ಒಯ್ದ. ಆಮೇಲೆ ಒಂದು ಟೈಲನ್ನೂ ಮನೆಯೊಳಗೆ ತರಲಿಲ್ಲ. ತಪ್ಪಾಯಿತು ಅನ್ನಬೇಕೆಂದು ಅವಳಿಗೆ ಅನ್ನಿಸಿದಾಗಲೆಲ್ಲ ಈಗ ತೀರಾ ತಡವಾಯಿತು ಎಂದೂ ಅನ್ನಿಸುತ್ತಿತ್ತು.

*

ಮಣ್ಣು ಮಾಡಿ ಬಂದು ಚರ್ಚಿನ ಹಜಾರದಲ್ಲಿ ಎಲ್ಲರೂ ಚಹಾ ಕುಡಿಯುವಾಗ ಕ್ಲಿಫರ್ಡ್ ಎಡ್ನಾಳ ಪಕ್ಕಕ್ಕೆ ಬಂದು ನಿಂತ. ಅವನೂ ವಿಲ್ಫ್‌ನಂತೆ ಟೈಲಿನ ಹುಚ್ಚಿನವನು.

“ಆ ಒಡೆದ ಕೆಂಪು ಟೈಲು... ನನಗೆ ಕೊಡು ಅಂತ ಕೇಳಿ ಕೇಳಿ ಸಾಕಾಯ್ತು. ಕೊಡಲೇ ಇಲ್ಲ ಪುಣ್ಯಾತ್ಮ.”

ಎಡ್ನಾ ಕಪ್ಪನ್ನು ಸಾಸರಿನ ಮೇಲಿಟ್ಟಳು. “ಒಡೆದಿದ್ದು ನಾನೇ.”

“ಗೊತ್ತು. ಶೆಡ್ಡಿಗೆ ಬಂದೋರಿಗೆಲ್ಲ ಹೇಳ್ತಿದ್ದ. ಮುರಿದ ಅಂಚು ತೋರಿಸಿ, ‘ನೋಡ್ರೋ, ಕೆಂಪಿನ ಅಡೀಲಿ ಇನ್ನೊಂದು ಬಿಳಿ ಮೆರುಗಿದೆ, ಈ ಬಣ್ಣ ಬಂದಿದ್ದು ಅದರಿಂದ. ಎಲ್ರೂ ಕೆಂಪಲ್ಲೇ ಗುಟ್ಟು ಹುಡುಕಿದ್ರು. ನನ್ನ ಎಡ್ನಾ ಒಂದೇ ಏಟಿಗೆ ಕಂಡುಹಿಡಿದ್ಲು’ ಅಂತಿದ್ದ.”

“ನನಗ್ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಮಿಕ್ಕಿದ್ದನ್ನೂ ಒಡೆದು ನೋಡ್ತಾಳೆ ಅಂತ ಹೆದರಿಕೆ.”

ಎಡ್ನಾ ಕಪ್ಪನ್ನು ಹಿಲ್ಡಾಳ ಕೈಗೆ ಕೊಟ್ಟು, ಕೋಟು ಹಾಕಿಕೊಂಡು ಹೊರಟಳು.

ಚರ್ಚಿನ ಮೊಗಸಾಲೆಯ ಗೋಡೆಗೆ ಎದೆಯೆತ್ತರದವರೆಗೆ ಹಸಿರು ಟೈಲುಗಳಿದ್ದವು. ಅವಳು ಕೈಗವಸು ಕಳಚಿ ಒಂದರ ಮೇಲೆ ಅಂಗೈಯಿಟ್ಟಳು. ಆಮೇಲೆ ಬಗ್ಗಿ, ಕೆನ್ನೆ ಗೋಡೆಗೆ ತಾಗುವಷ್ಟು ಹತ್ತಿರ ಹೋಗಿ, ಹಸಿರಿನ ಅಡಿಯಲ್ಲೇನಿದೆ ಎಂದು ಓರೆಯಿಂದ ನೋಡತೊಡಗಿದಳು. ಹಿಂದೆ ಬಂದವರು ಹೊರಗಿನ ಮಳೆಗೆಂದು ಅರ್ಧ ಬಿಚ್ಚಿದ ಕೊಡೆಗಳನ್ನು ಹಿಡಿದು, ಅವಳು ದಾರಿ ಬಿಡಲೆಂದು ಸಾಲಾಗಿ ನಿಂತುಕೊಂಡರು.