ಅಂಗೈಯ ಸೀಲು

"ಮೇಡಂ, ಮುಷ್ಟಿ ಬುಡಿ! ಕೈ ಸಡ್ಲ ಬುಟ್ಕಂಡು ಓಡಿ!"

ಆಫೀಸಿನ ಪುನೀತ್ ಹಿಂದಿನಿಂದ ಬಂದು, ಅವಳನ್ನು ದಾಟುತ್ತಲೇ ಕೂಗಿ ಹೇಳಿ ಮುಂದೆ ಹೋದ. ಕುಸುಮ ಬೆರಳು ಬಿಡಿಸಿದಳು. ನಾಲ್ಕು ಹೆಜ್ಜೆ ಹೋಗುವುದರಲ್ಲಿ ಬಲಗೈ ತಾನಾಗಿಯೇ ಮತ್ತೆ ಮುಚ್ಚಿಕೊಂಡಿತು. ಇಪ್ಪತ್ತೈದು ವರ್ಷದ ಅಭ್ಯಾಸ; ಪುನೀತ್ ಹೇಳಿದ ಮಾತ್ರಕ್ಕೆ ಬಿಟ್ಟುಹೋಗುವಂಥದ್ದಲ್ಲ.

ಮಂಡ್ಯದಲ್ಲಿ ಎರಡು ದಿನದಿಂದ ಸೈಕ್ಲೋನ್ ಮಳೆ ಹಿಡಿದಿತ್ತು. ಧೋ ಎಂದು ಸುರಿದು ಮುಗಿಸುವ ಮಳೆಯಲ್ಲ. ಹೋಗುತ್ತೇನೆ ಹೋಗುತ್ತೇನೆ ಎನ್ನುತ್ತಾ ಊಟದ ಹೊತ್ತಿನ ತನಕ ಕೂತೇ ಇರುವ ನೆಂಟನಂಥ ಜಡಿ. ಜೊತೆಗೆ ಮೂಳೆಗೆ ಇಳಿಯುವ ಚಳಿ. ಮ್ಯಾರಥಾನ್ ಮುಂದೂಡುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದರು. ಟೀ ಶರ್ಟು ಹಂಚಿಯಾಗಿದೆ, ತಿಂಡಿಗೆ ಹೇಳಿಯಾಗಿದೆ, ಓಡಿ ಅಂದುಬಿಟ್ಟರು. ಇದ್ದದ್ದು ಹತ್ತೇ ಕಿಲೋಮೀಟರು. ಆದರೆ ನಮ್ಮ ಕಡೆ ನಾಲ್ಕು ಜನ ಒಟ್ಟಿಗೆ ಓಡಿದರೆ ಅದಕ್ಕೆ ಮ್ಯಾರಥಾನ್ ಎಂದೇ ಹೆಸರು. ಸ್ಟೇಡಿಯಮ್ಮಿನಿಂದ ಹೊರಟು, ಊರು ದಾಟಿ, ಕಬ್ಬಿನ ಗದ್ದೆಗಳ ನಡುವೆ ನಾಲೆ ಸೇತುವೆಯ ತನಕ ಹೋಗಿ ತಿರುಗಿ ಬರಬೇಕು. ತಿರುವಿನಲ್ಲಿ ಮುಂಗೈಗೊಂದು ಹಳದಿ ರಬ್ಬರ್ ಬ್ಯಾಂಡ್ ಹಾಕುತ್ತಾರೆ. ಅದಿದ್ದರೆ ಮಾತ್ರ ಪೂರ್ತಿ ಓಡಿದ ಹಾಗೆ.

ಕುಸುಮ ಕರೆಂಟಾಫೀಸಿನಲ್ಲಿ ಗುಮಾಸ್ತೆ. ಕ್ರೀಡಾ ಕೋಟಾದಲ್ಲಿ ಕೆಲಸ ಸಿಕ್ಕವಳು. "ಕೋಟಾದ ಮರ್ಯಾದೆ ಉಳಿಸಿ ಮೇಡಂ" ಎಂದು ಹೊಸ ಸಾಹೇಬರು ತಮಾಷೆ ಮಾಡುತ್ತಲೇ ಅವಳ ಹೆಸರು ಬರೆಸಿದ್ದರು. ಬೇಡ ಅನ್ನಲು ಅವಳ ಬಳಿ ಕಾರಣವಿತ್ತು, ಬಾಯಿ ಬಿಟ್ಟು ಹೇಳುವಂಥದ್ದಲ್ಲ. ಈಗ ನಲವತ್ತು ದಾಟಿದ ಹೆಂಗಸರ ಪೈಕಿ ಅವಳ ಮುಂದೆ ಯಾರೂ ಇರಲಿಲ್ಲ. ಒದ್ದೆ ಶೂ ಚಪ್ ಚಪ್ ಎನ್ನುತ್ತಿತ್ತು, ಉಸಿರು ಹೊಗೆಯಾಗಿ ಬರುತ್ತಿತ್ತು, ಸೇತುವೆ ಕಾಣಿಸುತ್ತಿತ್ತು.

ಸೇತುವೆಯ ಪಕ್ಕದಲ್ಲಿ ನೀಲಿ ಟಾರ್ಪಾಲಿನ ಕೆಳಗೆ ಒಂದು ಮೇಜು. ಮೇಜಿನ ಹಿಂದೆ ಆಶಾ ಕಾರ್ಯಕರ್ತೆಯರ ಗುಲಾಬಿ ಸೀರೆ ಉಟ್ಟು, ಮೇಲೆ ಪ್ಲಾಸ್ಟಿಕ್ ಕೋಟು ತೊಟ್ಟ ಒಬ್ಬಳು ಬಂದವರ ಕೈಗೆ ಬ್ಯಾಂಡ್ ಏರಿಸುತ್ತಿದ್ದಳು. ಕುಸುಮ ಮುಖ ನೋಡದೆ ಬಲಗೈ ಚಾಚಿದಳು.

"ಮುಷ್ಟಿ ಬುಡು ಕಣೆ. ಇದೇನು ಸೀಲಲ್ಲ, ಅಳುಸೋಗಕ್ಕೆ."

ಕುಸುಮಳ ಕಾಲುಗಳು ನಿಂತೇಬಿಟ್ಟವು. ಕೋಟಿನ ಟೋಪಿಯೊಳಗೆ ದಪ್ಪಗಾಗಿದ್ದ, ಕನ್ನಡಕ ಬಂದಿದ್ದ ಒಂದು ಮುಖ. ನಗು ಮಾತ್ರ ಅದೇ. ಜಾಕಿಯಾ.

ಕಿರುಗಾವಲಿನ ಹೈಸ್ಕೂಲಿನಲ್ಲಿ ಓಟ ಅಂದರೆ ಜಾಕಿಯಾ. ಸೈಕಲ್ ಶಾಪಿನ ವಹಾಬ್ ಸಾಬರ ಮಗಳು. ಕುಸುಮ ಎರಡನೆಯವಳು. ಎಂಟನೇ ಕ್ಲಾಸಿನಲ್ಲೂ ಎರಡನೆಯವಳು, ಒಂಬತ್ತರಲ್ಲೂ ಎರಡನೆಯವಳು. ಸ್ಕೂಲಿನ ಆಫೀಸಿನಲ್ಲಿ ತೂಗುಹಾಕಿದ್ದ ಫೋಟೋದಲ್ಲಿ ಜಾಕಿಯಾ ಇಡಿಯಾಗಿ ಕಪ್ಪು ಹಿಡಿದು ನಿಂತಿದ್ದರೆ, ಅಂಚಿನಲ್ಲಿ ಕುಸುಮಳ ಅರ್ಧ ಮುಖವಿತ್ತು. ಹಾಗೆಂದು ಇಬ್ಬರ ನಡುವೆ ಜಗಳವೇನೂ ಇರಲಿಲ್ಲ. ಒಂದೇ ತಟ್ಟೆಯಲ್ಲಿ ಉಂಡವರು. ಹೆಣ್ಣುಮಗಳನ್ನು ಬೀದಿಯಲ್ಲಿ ಓಡಿಸುತ್ತಾನಲ್ಲ ಎಂದು ತಮ್ಮ ಕಡೆಯವರು ಆಡಿಕೊಂಡಾಗ ವಹಾಬ್ ಸಾಬರು, "ಕಾಲು ಕೊಟ್ಟಿರೋದು ಓಡಕ್ಕೇ ಅಲ್ವೇನ್ರಪ್ಪಾ" ಎಂದು ಬಾಯಿ ಮುಚ್ಚಿಸಿದ್ದರು. ಕುಸುಮಳ ಸೈಕಲ್ಲಿಗೂ ಅವರೇ ಗಾಳಿ ಹೊಡೆದುಕೊಡುತ್ತಿದ್ದರು.

ಹತ್ತನೇ ಕ್ಲಾಸಿನಲ್ಲಿ ಮಳವಳ್ಳಿಯಲ್ಲಿ ಗುಡ್ಡಗಾಡು ಓಟ. ಮೊದಲು ಬಂದವಳೊಬ್ಬಳಿಗೇ ರಾಜ್ಯಮಟ್ಟದ ಅವಕಾಶ. ಅವತ್ತೂ ಇಂಥದೇ ಮಳೆ. ದಾರಿಯ ತುದಿಯಲ್ಲಿ, ತಿರುಗಿ ಬರಬೇಕಾದ ಕಡೆ, ಹುಣಸೆಮರದ ಕೆಳಗೆ ಯಾವುದೋ ಸ್ಕೂಲಿನ ಮೇಷ್ಟ್ರು ಸ್ಟಾಂಪ್ ಪ್ಯಾಡ್ ಇಟ್ಟುಕೊಂಡು, ಬಂದವರ ಅಂಗೈಗೆ ನೇರಳೆ ಸೀಲು ಒತ್ತುತ್ತಿದ್ದರು. ಕುಸುಮ ಮರಕ್ಕೆ ಇನ್ನೂ ನೂರು ಮಾರು ದೂರವಿರುವಾಗಲೇ ಜಾಕಿಯಾ ಸೀಲು ಹಾಕಿಸಿಕೊಂಡು ಎದುರಿಗೆ ಬಂದಳು. ನಗುತ್ತಾ ಅಂಗೈ ಎತ್ತಿ ತೋರಿಸಿ, "ಬಿರ್ರನೆ ಬಾರೆ!" ಎಂದು ದಾಟಿಹೋದಳು. ಅಂಗೈ ನಡುವೆ ಬದನೆಕಾಯಿ ಬಣ್ಣದ ದುಂಡು ಗುರುತು. ಕುಸುಮ ಅದನ್ನು ಕಣ್ಣಾರೆ ಕಂಡಳು.

ತನ್ನ ಸೀಲು ಮಳೆಗೆ ಅಳಿಸೀತೆಂದು ಕುಸುಮ ಮುಷ್ಟಿ ಬಿಗಿ ಹಿಡಿದು ಓಡಿದಳು. ಜಾಕಿಯಾಗೆ ಅಂಥ ಭಯಗಳೇ ಇರಲಿಲ್ಲ. ಕೈ ಬೀಸಿಕೊಂಡು ಓಡಿ, ಕುಸುಮಳಿಗಿಂತ ಬಹಳ ಮುಂಚೆ ಬಂದು ಮುಟ್ಟಿದಳು. ತೀರ್ಪುಗಾರರು ಅವಳ ಅಂಗೈ ತಿರುಗಿಸಿ ನೋಡಿದರೆ ತೊಳೆದಿಟ್ಟ ತಟ್ಟೆಯ ಹಾಗಿತ್ತು. "ಅಂಗೈ ಹುಣ್ಣಿಗೆ ಕನ್ನಡಿ ಯಾಕ್ರೀ? ಸೀಲಿಲ್ಲ, ಈ ಹುಡುಗಿ ಅರ್ಧ ದಾರೀಲೇ ತಿರುಗಿ ಬಂದವಳೆ" ಎಂದರು. ಸೀಲು ಒತ್ತಿದವರು, ಅಷ್ಟು ಮಂದಿ ಒದ್ದೆ ಹುಡುಗಿಯರಲ್ಲಿ ಯಾರ ಮುಖ ಅಂತ ನೆನಪಿಟ್ಟುಕೊಳ್ಳಲಿ ಎಂದರು.

ಜಾಕಿಯಾ ಅಳಲಿಲ್ಲ. "ಕುಸುಮನ್ನ ಕೇಳಿ ಸಾ, ಅವ್ಳಿಗೆ ತೋರ್ಸಿವ್ನಿ" ಎಂದು ಹಿಂದಕ್ಕೆ ತಿರುಗಿದಳು. ಅವಳ ಮುಖದಲ್ಲಿ ಸಾಸಿವೆಯಷ್ಟೂ ಅನುಮಾನವಿರಲಿಲ್ಲ.

ಅವರ ಸ್ಕೂಲಿನ ಡ್ರಿಲ್ಲಿನ ಸ್ವಾಮಿ ಮೇಷ್ಟ್ರು ಕೇಳಿದರು. "ನೋಡ್ದೇನಮ್ಮ ನೀನು?"

"ನೋಡ್ಲಿಲ್ಲ ಸಾ."

ಯಾಕೆ ಹಾಗೆಂದಳೋ. ಮೊದಲೇ ಯೋಚಿಸಿಟ್ಟದ್ದಲ್ಲ, ಯಾರೂ ಹೇಳಿಕೊಟ್ಟದ್ದೂ ಅಲ್ಲ. ಒಂದು ಸಲ ಫೋಟೋದಲ್ಲಿ ಇಡಿಯಾಗಿ ನಿಲ್ಲಬೇಕೆನ್ನುವ ಆಸೆ ಬಾಯಿಗೆ ಬಂದುಬಿಟ್ಟಿತು, ಅಷ್ಟೇ. ಆಡಿದ ಮಾತು ಒಡೆದ ಮುತ್ತು ಎನ್ನುತ್ತಾರೆ. ಅವಳ ವಿಷಯದಲ್ಲಿ ಅದು ಮುತ್ತೇ ಆಯಿತು: ರಾಜ್ಯಮಟ್ಟ, ಹಾಸ್ಟೆಲು, ಕೋಟಾ, ಕೆಲಸ, ಕೆಲಸ ನೋಡಿ ಬಂದ ಯತೀಶ್, ಮಗಳು ಗಗನ. ಎಲ್ಲವೂ ಆ ಎರಡು ಪದದ ಮೇಲೆ ನಿಂತಿದ್ದವು. ಒಮ್ಮೆ ಮಳವಳ್ಳಿ ಬಸ್ ಸ್ಟಾಂಡಿನಲ್ಲಿ ದೂರದಿಂದ ಜಾಕಿಯಾಳನ್ನು ಕಂಡು, ಕಂಬದ ಹಿಂದೆ ನಿಂತು ತನ್ನ ಬಸ್ಸು ತಪ್ಪಿಸಿಕೊಂಡಿದ್ದಳು. ಅವತ್ತಿನ ನಾಚಿಕೆ ಇವತ್ತಿಗೂ ಹಸಿಯಾಗಿಯೇ ಇತ್ತು.

"ಏನಂಗ್ ನೋಡೀಯೆ? ನಾನೇ ಕಣೆ. ಇಲ್ಲೇ ಗುತ್ತಲಿಗೆ ಕೊಟ್ಟವ್ರೆ ನನ್ನ" ಎಂದಳು ಜಾಕಿಯಾ, ಬ್ಯಾಂಡ್ ಏರಿಸುತ್ತಾ. "ಕರೆಂಟ್ ಬಿಲ್ ಕಟ್ಟಕ್ಕೆ ಬಂದಾಗ್ಲೆಲ್ಲ ನಿನ್ನ ನೋಡಿವ್ನಿ. ನೀನು ತಲೆ ಎತ್ತಾಕಿಲ್ಲ. ಓಡು, ಇಂದೆ ಒಬ್ಳು ಬತ್ತಾವ್ಳೆ."

ಕುಸುಮ ಓಡಲಿಲ್ಲ. ಈ ಮಾತನ್ನು ಎಷ್ಟೋ ಸಲ ಎಷ್ಟೋ ಬಗೆಯಲ್ಲಿ ಮನಸ್ಸಿನಲ್ಲೇ ಆಡಿ ನೋಡಿಕೊಂಡಿದ್ದಳು. ಈಗ ಬಂದದ್ದು ಇಷ್ಟೇ: "ಜಾಕಿ, ಅವತ್ತು ನಾನು ನೋಡಿದ್ದೆ ಕಣೆ. ನಿನ್ನ ಕೈಲಿ ಸೀಲಿತ್ತು."

ಹಿಂದೆ ಬಂದವಳ ಕೈಗೆ ಜಾಕಿಯಾ ಬ್ಯಾಂಡ್ ಹಾಕಿ ಕಳಿಸಿದಳು. ಆಮೇಲೆ ಹೇಳಿದಳು. "ನಂಗೊತ್ತಿಲ್ವಾ? ತೋರ್ಸಿದ್ದು ನಾನೇ ಅಲ್ವಾ?"

"ತಪ್ಪಾಯ್ತು ಕಣೆ."

"ನಂಗ್ಯಾಕೆ ಏಳೀಯೆ ಅದ್ನ? ನಂಗೆ ಗೊತ್ತಿರೋದೇ." ಜಾಕಿಯಾಳ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಎಷ್ಟೋ ವಾಸಿಯಿತ್ತು. "ಅವತ್ತು ಮನೇಗೋಗಿ, ಮರದ ಗಂಟ ಓಗಿದ್ದೆ ಅಬ್ಬಾ ಅಂದೆ. ಬೈಲಿಲ್ಲ, ಒಡೀಲಿಲ್ಲ. 'ಕುಸುಮ ಯಾಕೆ ಸುಳ್ಳೇಳ್ತದೆ? ಆ ಮಗ ಅಂತದ್ದಲ್ಲ' ಅಂದ್ರು. ಅಷ್ಟೇಯ. ನನ್ನ ಶೂ ತಕ್ಕಂಡೋಗಿ ಅಟ್ಟದ್ ಮ್ಯಾಲಿಟ್ರು. ಆರೊರ್ಸದ್ ಇಂದೆ ಓಗ್ಬುಟ್ರು. ಓಗೋ ಗಂಟ ಅದ್ನೇ ನಂಬ್ಕಂಡಿದ್ರು."

ಕುಸುಮ ಬ್ಯಾಂಡಿಗೆ ಬೆರಳು ಹಾಕಿ ಕೀಳಲು ಹೋದಳು. "ನಂಗೆ ಬೇಡ ಇದು."

"ಲೇ, ಸುಮ್ನಿರೆ. ನೀನದ್ನ ಬಿಸಾಕಿದ್ರೆ ನಂಗೇನ್ ಬತ್ತದೆ?" ಜಾಕಿಯಾ ಅವಳ ಕೈ ಹಿಡಿದು ಬ್ಯಾಂಡನ್ನು ಮತ್ತೆ ಸರಿಮಾಡಿದಳು. "ಅರ್ಧ ದಾರೀಲಿ ತಿರಿಕ್ಕಂಡು ಬಂದ್ಲು ಅನ್ನುಸ್ಕಳದು ಎಂಗಿರ್ತದೆ ಅಂತ ನಂಗೊತ್ತು. ನಿಂಗ್ಯಾಕದು. ಏಳ್ಲೇಬೇಕು ಅಂತಿದ್ರೆ ಕಿರುಗಾವಲಿಗೋಗು. ಅಮ್ಮ ಅವ್ಳೆ, ತಮ್ಮನ ಮನೇಲಿ. ಆದ್ರೆ ಕಿವಿ ಪೂರಾ ಮಂದ. ಕೂಗೇಳ್ಬೇಕು. ಬೀದಿಗೆಲ್ಲ ಕೇಳ್ಸ್ತದೆ, ನೋಡ್ಕೊ."

ಇನ್ನೂ ಇಬ್ಬರು ಕೈ ಚಾಚಿಕೊಂಡು ಬಂದರು. ಜಾಕಿಯಾ ಅವರ ಕಡೆ ತಿರುಗಿದಳು.

ಕುಸುಮ ನಾಲ್ಕನೆಯವಳಾಗಿ ಬಂದು ಮುಟ್ಟಿದಳು. ಅಲ್ಲಿದ್ದವರು ಬ್ಯಾಂಡ್ ನೋಡಿ, ನಂಬರು ಬರೆದುಕೊಂಡು, ಬಾಳೆಹಣ್ಣು ಕೊಟ್ಟು ಕಳಿಸಿದರು. ಛತ್ರಿ, ಫ್ಲಾಸ್ಕು ಹಿಡಿದು ಕಾಯುತ್ತಿದ್ದ ಗಂಡ ಯತೀಶ್ ಟವೆಲು ಹೊದಿಸಿ, "ಫಸ್ಟು ಇದ್ದ್ಯಂತೆ, ಪುನೀತ್ ಹೇಳ್ದ. ತಿರುವಿನಲ್ಲಿ ಏನಾಯ್ತು?" ಎಂದ.

"ಜಾಕಿಯಾ ಸಿಕ್ಕಿದ್ಲು."

"ಯಾರದು?"

ಹದಿನೆಂಟು ವರ್ಷದ ಸಂಸಾರದಲ್ಲಿ ಆ ಹೆಸರನ್ನು ಒಂದು ಸಲವೂ ತಾನು ಎತ್ತಿಲ್ಲ ಎನ್ನುವುದು ಅವಳಿಗೆ ಆಗ ಹೊಳೆಯಿತು. "ಬಂದು ಹೇಳ್ತೀನಿ. ಈಗ ಕಿರುಗಾವಲಿಗೆ ಹೋಗ್ಬೇಕು" ಎಂದಳು. ಬಟ್ಟೆ ಬದಲಾಯಿಸಿಕೊಂಡಾದರೂ ಹೋಗು ಎಂದು ಅವನು ಹೇಳುತ್ತಲೇ ಇದ್ದ. ಬಟ್ಟೆ ಬದಲಾಯಿಸಿದರೆ ಮನಸ್ಸೂ ಬದಲಾದೀತು ಎಂದು ಅವಳಿಗೆ ಹೆದರಿಕೆ.

ಮಳವಳ್ಳಿಯ ತನಕ ಒಂದು ಬಸ್ಸು, ಅಲ್ಲಿಂದ ಮೈಸೂರು ಕಡೆಯ ಬಸ್ಸು. ಸೀಟು ಒದ್ದೆಯಾಗುತ್ತದೆಂದು ಕಂಡಕ್ಟರು ಗೊಣಗಿದ. ದಾರಿಯುದ್ದಕ್ಕೂ ಅವಳು ಹೇಳಬೇಕಾದದ್ದನ್ನು ಜೋಡಿಸಿಕೊಂಡಳು. ಒಳಗೆ ಕರೆದುಕೊಂಡು ಹೋಗಿ, ಬಾಗಿಲು ಹಾಕಿ, ಕಿವಿಯ ಹತ್ತಿರವೇ ಬಾಯಿಟ್ಟು ಹೇಳಿದರಾಯಿತು. ಬೀದಿಗೇಕೆ ಕೇಳಿಸಬೇಕು? ಹೀಗೆ ಲೆಕ್ಕ ಹಾಕುತ್ತಿರುವಾಗಲೇ, ಇಷ್ಟಾದರೂ ತನಗೆ ಮುಚ್ಚಿಡುವ ಬುದ್ಧಿ ಹೋಗಿಲ್ಲವಲ್ಲ ಎಂದು ತನ್ನ ಮೇಲೆಯೇ ಹೇಸಿಗೆಯಾಯಿತು.

ವಹಾಬ್ ಸಾಬರ ಸೈಕಲ್ ಶಾಪು ಈಗ ಮಗ ಮುಕರ್ರಂನ ಬೈಕ್ ಗ್ಯಾರೇಜು. ಅವನು ಬಗ್ಗಿದ ರಿಮ್ಮೊಂದನ್ನು ಬಡಿಯುತ್ತಿದ್ದ. "ಓಹೋ, ಕುಸುಮಕ್ಕ! ಏನಕ್ಕಾ ಇಂಗೆ ನೆಂದು ತೊಪ್ಪೆಯಾಗಿದ್ದೀರ!" ಎಂದು ಸುತ್ತಿಗೆಯಲ್ಲೇ ಎದುರು ಮನೆ ತೋರಿಸಿದ. ಜಗಲಿಯ ಮೇಲೆ ಜಾಕಿಯಾಳ ಅಮ್ಮ ಮಹಮೂದಾ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕಣ್ಣು ಚುರುಕಾಗಿಯೇ ಇತ್ತು. ಒಂದು ಗಳಿಗೆ ನೋಡಿ ಗುರುತು ಹಿಡಿದರು.

"ಓಟದ ಕುಸುಮ ಅಲ್ವೇನಮ್ಮ? ಎಷ್ಟು ವರ್ಸ ಆಯ್ತು! ಬಾ, ಮ್ಯಾಲಕ್ಕೆ ಬಾ."

ಕುಸುಮ ಮೇಲೆ ಹತ್ತಲಿಲ್ಲ. ಸೂರಿನ ನೀರು ಬೆನ್ನಿಗೆ ಬೀಳುತ್ತಿದ್ದಂತೆಯೇ ಬಗ್ಗಿ ಹೇಳಿದಳು. "ಅವತ್ತು ಮಳವಳ್ಳೀಲಿ ಜಾಕಿಯಾ ಪೂರ್ತಿ ಓಡಿದ್ಲು."

"ಆಂ?"

ಇನ್ನಷ್ಟು ಜೋರಾಗಿ ಹೇಳಿದಳು. ಮಹಮೂದಾ ಕಿವಿಗೆ ಕೈ ಒಡ್ಡಿ ತಲೆಯಾಡಿಸಿದರು. "ಮಳೆ ಸದ್ದು ಕಣಮ್ಮ. ಗಟ್ಟಿಯಾಗೇಳು."

ಕುಸುಮ ನೆಟ್ಟಗೆ ನಿಂತಳು. ಆಫೀಸಿನ ಇಪ್ಪತ್ತು ವರ್ಷದ ಮಾತೆಲ್ಲ ಎಲ್ಲೋ ಹೋಗಿ, ಹುಟ್ಟಿದೂರಿನ ಮಾತೇ ಬಂತು. "ಜಾಕಿಯಾ ಮರದ ಗಂಟ ಓಗಿದ್ಲು! ಸೀಲು ಆಕ್ಸಿದ್ಲು! ನಾನು ಕಣ್ಣಾರ ನೋಡಿದ್ದೆ! ನೋಡ್ಲಿಲ್ಲ ಅಂತ ಸುಳ್ಳೇಳ್ಬುಟ್ಟೆ ಕಣಮ್ಮೋ!"

ಎದುರಿನಲ್ಲಿ ಸುತ್ತಿಗೆಯ ಸದ್ದು ನಿಂತಿತು. ಪಕ್ಕದ ಮನೆಯ ಬಾಗಿಲಲ್ಲಿ ಒಬ್ಬಳು, ಅದರಾಚೆ ಇಬ್ಬರು ಬಂದು ನಿಂತರು. ಅಂಗಡಿಯಲ್ಲಿ ಬೀಡಿ ಸೇದುತ್ತಿದ್ದ ಮುದುಕರು ಇತ್ತ ತಿರುಗಿದರು. ಅವರಲ್ಲಿ ಅವತ್ತು ವಹಾಬ್ ಸಾಬರನ್ನು ಆಡಿಕೊಂಡವರೂ ಇದ್ದರೇನೋ. ಕುಸುಮ ಯಾರ ಮುಖವನ್ನೂ ನೋಡಲಾರದೆ ಅವರೆಕಾಯಿಯ ಮೊರವನ್ನೇ ನೋಡುತ್ತಾ ನಿಂತಳು.

ಮಹಮೂದಾ ಕೈಯಲ್ಲಿದ್ದ ಕಾಯಿಯನ್ನು ಬಿಡಿಸಿ, ಕಾಳು ಮೊರಕ್ಕೆ ಹಾಕಿ, ಸಿಪ್ಪೆಯನ್ನು ಪಕ್ಕಕ್ಕಿಟ್ಟರು. ಆಮೇಲೆ, ಬೈಯುವ ಹಾಗೂ ಅಲ್ಲದೆ ಸಮಾಧಾನ ಹೇಳುವ ಹಾಗೂ ಅಲ್ಲದೆ, ಕಿವುಡರ ಎತ್ತರದ ದನಿಯಲ್ಲಿ ಹೇಳಿದರು.

"ಅವ್ಳಪ್ಪಂಗೆ ಕಿವಿ ಚೆನ್ನಾಗ್ ಕೇಳ್ತಿತ್ತು ಕಣಮ್ಮ. ಇಷ್ಟು ಕೂಗ್ಬೇಕಾಗಿರ್ಲಿಲ್ಲ."

ಹಗ್ಗದ ಮೇಲಿದ್ದ ಒಣ ಟವೆಲೊಂದನ್ನು ಎಳೆದು, ಕೈಗೆ ಕೊಡದೆ, ಜಗಲಿಯ ಅಂಚಿನಲ್ಲಿಟ್ಟರು. ಮತ್ತೊಂದು ಕಾಯಿ ಎತ್ತಿಕೊಂಡರು. ಸೂರಿನ ನೀರು ಒಂದೇ ಸಮ ಬೀಳುತ್ತಿತ್ತು. ಗ್ಯಾರೇಜಿನಲ್ಲಿ ಸುತ್ತಿಗೆ ಇನ್ನೂ ಎದ್ದಿರಲಿಲ್ಲ.