ಜಾನಬಿ ಅಂದ ಮಾತು

ಬೇವಿನ ಎಲೆಯೂ ಬೂದಿ, ತಂತಿಯ ಮೇಲೆ ಕೂತ ಕಾಗೆಯ ಬೆನ್ನೂ ಬೂದಿ, ಸಿಮೆಂಟಿನ ಧೂಳು ಬಿತ್ತೆಂದರೆ ಎಲ್ಲ ಒಂದೇ ಬಣ್ಣ, ಚಿತ್ತಾಪುರ ಬರೂತನಕ ಕಿಡಕಿ ಹಾಕೂದು ಛಲೋ — ಹಾಕಲಿಲ್ಲ ರಶೀದಾಬೇಗಂ, ಗಾಡಿ ವಾಡಿ ಬಿಟ್ಟು ಇನ್ನೂ ಹತ್ತು ನಿಮಿಷ ಆಗಿಲ್ಲ, ಹೆಂಗಸರ ಡಬ್ಬಿಯೊಳಗೆ ಗಾಳಿಯೇ ಇಲ್ಲ, ಎದುರಿನ ಮುದುಕಿ ಶೇಂಗಾ ಸುಲಿದು ಸಿಪ್ಪೆಯನ್ನು ತನ್ನ ಉಡಿಗೇ ಹಾಕಿಕೊಳ್ಳುತ್ತಿದ್ದಾಳೆ, ಎಲ್ಲಿಗಿ ಹೊಂಟೀರವ್ವ ಅಂದಳು, ಹೈದ್ರಾಬಾದಿಗಿ, ನೌಕರಿಗಿ, ಈ ವಯಸ್ಸಿನಾಗ ನೌಕರಿ ಅಂದಳು, ಹೌದು, ಬರುವ ಮಾರ್ಚಿಗೆ, ಎಪ್ಪತ್ತಾರರ ಮಾರ್ಚಿಗೆ, ನಲವತ್ತೊಂದು ತುಂಬ್ತದ, ಏನ ನೌಕರಿ, ಚಂದಾ ಎತ್ತೂದು — ಮುದುಕಿ ನಕ್ಕುಬಿಟ್ಟಳು, ಬೇಡೂದಕ್ಕೂ ಪಗಾರ ಕೊಡ್ತಾರೇನವ್ವ? ಕೊಡ್ತಾರ, ನಾನೂರೈವತ್ತು ಕೊಡ್ತಾರ, ಇರಲಿಕ್ಕೆ ಎರಡು ಖೋಲಿ ಕೊಡ್ತಾರ, ಟ್ರಸ್ಟಿನವರ ಆರು ದವಾಖಾನೆಗಳಿಗೆ ಹಣ ಕೂಡಿಸುವ ವಿಭಾಗಕ್ಕೆ ಮುಖ್ಯಸ್ಥೆ, ಕೈಕೆಳಗೆ ನಾಲ್ಕು ಜನ, ಮೇಲೆ ಅಮೀರ್ ಅಲಿ ಸಾಹೇಬರು ಒಬ್ಬರೇ, ಅವರು ಕೇಳಿದ್ದು ಇಷ್ಟೇ, ಚಂದಾ ಕೇಳುವ ಪುಸ್ತಿಕೆಯ ಕರಡು ಓದಿ, ಕೆಳಗೆ ಸಹಿ ಹಾಕಿ, ನಾಳೆ ಬರುವಾಗ ತಗೊಂಡು ಬರ್ರಿ, ಸಂಜೆಗೇ ಛಾಪಖಾನೆಗೆ ಕೊಡಬೇಕು. ಕರಡು ಚೀಲದಲ್ಲಿದೆ. ಸಹಿ ಇನ್ನೂ ಹಾಕಿಲ್ಲ.

ಐವತ್ತೆಂಟರಲ್ಲಿ ಇದಕ್ಕೆ ನೌಕರಿ ಅನ್ನುವ ಹೆಸರೇ ಇರಲಿಲ್ಲ, ಚಿತ್ತಾಪುರದಲ್ಲಿ ಡಾಕ್ಟರ್ ಅಮೃತಮ್ಮನವರು ಎರಡು ಖೋಲಿಯಲ್ಲಿ ಹೆರಿಗೆ ದವಾಖಾನೆ ತೆರೆದಾಗ ಉರ್ದು ಪತ್ರ ಬರೆಯಲಿಕ್ಕೆ ಒಬ್ಬಾಕೆ ಬೇಕಾಗಿತ್ತು ಅಷ್ಟೇ, ಬರೆದ ಮೊದಲ ಪತ್ರವನ್ನು ಓದಿಸಿ ಕೇಳಿ ಅಮೃತಮ್ಮನವರು ಅಂದದ್ದು, ಭಾಳ ಅತ್ತೀದಿ ಇದರಾಗ, ಅಳಬ್ಯಾಡ, ಏನ ಬೇಕು, ಎಷ್ಟ ಬೇಕು, ಯಾವಾಗ ಬೇಕು, ಅಷ್ಟ ಹೇಳು — ಆಮೇಲೆ ಪತ್ರದ ಜತೆಗೆ ಅವಳನ್ನೇ ಕಳಿಸತೊಡಗಿದರು, ಶಹಾಬಾದಿನ ನೆಲಕ್ಕೆ ಹಾಸುವ ಪರಸಿ ಕಲ್ಲಿನ ವ್ಯಾಪಾರಿಗಳ ಹತ್ತಿರ, ಸೇಡಮ್ಮಿನ ಅಡತಿ ದಲ್ಲಾಳಿಗಳ ಹತ್ತಿರ, ಬುರ್ಖಾದೊಳಗೆ ಬೆವರುತ್ತ ಕಟ್ಟೆಯ ಮೇಲೆ ಕೂತು ಕೂತು ಕಲಿತದ್ದು, ಊಟಕ್ಕೆ ಮುಂಚೆ ಹೋಗಬಾರದು, ಮೊದಲು ನೀರು ಕೇಳಬೇಕು, ನೀರು ಕೊಟ್ಟವರು ಬೇಗ ಬಾಗಿಲು ಹಾಕುವುದಿಲ್ಲ, ಮೊತ್ತ ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು, ಆ ಸುಮ್ಮನಿರೂದು ಕಲೀಲಿಕ್ಕೆ ಎರಡು ವರ್ಷ ಹಿಡೀತು, ಕೊಟ್ಟವರ ಮನೆಗೆ ಎಂಟು ದಿನದೊಳಗೆ ಮತ್ತೆ ಹೋಗಬೇಕು, ಬೇಡಲಿಕ್ಕಲ್ಲ, ನೀವು ಕೊಟ್ಟಿದ್ದರಾಗ ಮಂಚ ಬಂತ್ರಿ ಅಂತ ಹೇಳಲಿಕ್ಕೆ. ಅರವತ್ತೆರಡರಲ್ಲಿ ಒಂದು ಮಧ್ಯಾಹ್ನ ಅಮೃತಮ್ಮನವರು ಕಾಗದ ಮುಂದಿಟ್ಟು, ಇನ್ನ ಐದು ವರ್ಷಕ್ಕ ನೀ ಏನಾಗಿರಬೇಕು ಬರಿ ಅಂದರು, ನಾ ಏನಾಗ್ಲಿ ಡಾಕ್ಟರಮ್ಮ, ಗಂಡ ಇಲ್ಲ, ಮಕ್ಕಳಿಲ್ಲ, ಅದಕ್ಕೇ ಬರಿ ಅನ್ನಾಕತ್ತೀನಿ, ನಾಚಿಕೊಂಡು ಬರೆದಳು, ಟೈಪಿಂಗ್, ಇಂಗ್ಲಿಷು, ಕಾರ್ಯದರ್ಶಿ — ಟೈಪಿಂಗನ್ನು ಶಹಾಬಾದಿಗೆ ಹೋಗಿ ಕಲಿತಳು, ಇಂಗ್ಲಿಷನ್ನು ವಾಡಿ ಸ್ಟೇಶನ್ ಮಾಸ್ತರರ ಹೆಂಡತಿ ಕಲಿಸಿದರು, ಫೀಜಿನ ಬದಲಿಗೆ ಅವರ ಹೆಣ್ಣುಮಕ್ಕಳ ಲಂಗ ಹೊಲಿದುಕೊಟ್ಟಳು, ಅರವತ್ತೆಂಟಕ್ಕೆ ದವಾಖಾನೆಯ ಕಾರ್ಯದರ್ಶಿ, ಒಂದು ವರ್ಷ ತಡವಾಯಿತು, ಇರಲಿ. ಗಾಡಿ ಚಿತ್ತಾಪುರದಲ್ಲಿ ನಿಂತಿದೆ, ಅಗೋ ಗೇಟಿನ ಆಚೆ ದವಾಖಾನೆಯ ಹೊಸ ಗೋಡೆ, ಮೂವತ್ತು ಮಂಚ, ಇವತ್ತು ಅಲ್ಲಿ ಇಳಿಯುವ ಹಾಗಿಲ್ಲ, ನಿನ್ನೆ ಬೆಳಿಗ್ಗೆಯೇ ಎಲ್ಲರಿಗೂ ಹೋಗಿಬರ್ತೀನಿ ಅಂತ ಹೇಳಿ ಆಗಿದೆ.

ಖರೇ ಹೇಳಬೇಕೆಂದರೆ ಮೇಲೆ ಹತ್ತಿಸಿದ್ದು ಟೈಪಿಂಗೂ ಅಲ್ಲ, ಇಂಗ್ಲಿಷೂ ಅಲ್ಲ, ಆ ಒಂದು ಕಥೆ. ಚಿಂಚೋಳಿಯ ಸಾವುಕಾರ್ತಿ ಭಾಗಮ್ಮ ಅಂದಿದ್ದಳು, ನಮ್ಮ ಅವ್ವಂದಿರು ಮನ್ಯಾಗೇ ಹಡದಿಲ್ಲೇನು, ದವಾಖಾನಿ ಯಾಕ ಬೇಕು, ಆವಾಗ ತಡೆಯದೆ ಬಾಯಿಂದ ಬಂದುಬಿಟ್ಟಿತು, ಮಳಖೇಡದಾಗ ಒಬ್ಬ ಹೆಣಮಗಳು ಎರಡು ದಿನ ಬ್ಯಾನಿ ತಿಂದಳ್ರಿ, ಸೇಡಮ್ಮಿಗಿ ಒಯ್ಯೂದರಾಗ ಎತ್ತಿನ ಗಾಡ್ಯಾಗೇ ಸತ್ತಳು, ಕೂಸೂ ಉಳೀಲಿಲ್ಲ — ನನ್ನ ಅಕ್ಕ ಅನ್ನಲಿಲ್ಲ, ಅಂದಿದ್ದರೆ ದನಿ ಒಡೆಯುತ್ತಿತ್ತು, ಭಾಗಮ್ಮ ಎದ್ದು ಒಳಗೆ ಹೋಗಿ ಎರಡು ಬಂಗಾರದ ಬಳೆ ತಂದು ಉಡಿಗೆ ಹಾಕಿದಳು. ಅಂದಿನಿಂದ ಎಷ್ಟು ಸಲ ಹೇಳಿದೆ, ನೂರು ಸಲ, ಹೆಚ್ಚೇ ಇರಬೇಕು, ಅಕ್ಕ ಜಾನಬಿಯ ಹೆಸರು ಒಮ್ಮೆಯೂ ತೆಗೆಯಲಿಲ್ಲ, ಒಬ್ಬ ಹೆಣಮಗಳು, ಒಬ್ಬ ಹೆಣಮಗಳು — ಕಥೆಗೆ ಕಂದೀಲು ಯಾವಾಗ ಸೇರಿತು, ವಾಡಿಯ ರೈಲ್ವೆ ಮಂದಿಯ ಸಭೆಯಲ್ಲಿರಬೇಕು, ರಾತ್ರಿ ಅಂದಾಗ ಮಂದಿ ಇನ್ನಷ್ಟು ಮುಂದೆ ಬಾಗಿ ಕೇಳಿದರು, ಕಾಗಿಣಾ ಹೊಳೆ ಕಥೆಯೊಳಗೆ ತುಂಬಿ ಬಂದದ್ದು ಅದರ ಮರುವರ್ಷ, ಕೊನೆಯ ಮಾತು ಎಲ್ಲಿಂದ ಬಂತು ಗೊತ್ತೇ ಇಲ್ಲ, ನಾ ಹೋದ್ರೂ ಚಿಂತಿಲ್ಲ, ನನ್ನ ಕೂಸು ಉಳಸ್ರಿ, ಅದನ್ನು ಹೇಳಿ ಐದು ಎಣಿಸುವಷ್ಟು ಹೊತ್ತು ಸುಮ್ಮನೆ ನಿಲ್ಲುವುದು, ಆಮೇಲೆ ಮೊತ್ತ ಹೇಳುವುದು. ಸುಳ್ಳು ಅನ್ನಿಸಿರಲಿಲ್ಲ, ಮಂಚ ಖರೇ, ಸೂಲಗಿತ್ತಿಯರ ತರಬೇತಿ ಖರೇ, ಬದುಕಿ ಉಳಿದ ಕೂಸುಗಳು ಖರೇ.

ನಿನ್ನೆ ಶಹಾಬಾದಿನ ಫ್ಯಾಕ್ಟರಿ ಕ್ಲಬ್ಬಿನಲ್ಲೂ ಹಾಗೇ ಹೇಳಿದಳು, ಮುಂದಿನ ಸಾಲಿನಲ್ಲಿ ಅಮೀರ್ ಅಲಿ ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಚಾ ಕುಡಿಯುವಾಗ ಕರಡು ಕೈಯಲ್ಲಿಟ್ಟರು, ಮೊದಲ ಪುಟಕ್ಕೆ ನಿಮ್ಮ ಕಥೆನೇ ಹಾಕೀನ್ರಿ ಬೇಗಂ ಸಾಹೇಬಾ, ಆ ಕಡೀ ಮಾತು ದಪ್ಪ ಅಕ್ಷರದಾಗ, ಆ ಒಂದು ಮಾತು ಸಾಕು, ಮಂದಿ ಕಿಸೆಗೆ ಕೈ ಹಾಕ್ತಾರ — ಆಗಲೇ ಹಿಂದೆ ಬಾಗಿಲ ಹತ್ತಿರ ಒಬ್ಬ ನಿಂತಿದ್ದ, ತಲೆ ಪೂರಾ ಬೆಳ್ಳಗೆ, ಅಂಗೈಗಳ ತುಂಬ ಕಲ್ಲಿನ ಬಿರುಕು, ಗುರುತು ಸಿಗಲಿಕ್ಕೆ ಹೊತ್ತು ಹಿಡಿಯಿತು, ಚಾಂದ್, ಜಾನಬಿಯ ಗಂಡ, ಎರಡನೇ ಮದುವೆಯಾಗಿ ಮಳಖೇಡ ಬಿಟ್ಟು ಹೋದವನು, ಇಷ್ಟು ವರ್ಷ ಇಲ್ಲೇ ಕಲ್ಲು ಖಣಿಯಲ್ಲಿದ್ದನಂತೆ, ಸಭೆಯ ಸುದ್ದಿ ಕೇಳಿ ಬಂದಿದ್ದ. ಛಲೋ ಹೇಳ್ದಿ ರಶೀದಾ, ಮಂದಿ ಅತ್ತರು, ನಾನೂ ಅತ್ತೆ, ಅಕಿ ನಮ್ಮ ಜಾನಬೀನೇ ಹೌದಲ್ಲ? ಹೌದು ದುಲ್ಹೆಭಾಯಿ ಅಂದಳು. ಮತ್ತ ಹೊಳಿ ಎಲ್ಲಿತ್ತು, ಜೋಳ ಕೊಯ್ದು ಕಣಕ್ಕ ಹಾಕಿದ್ರು ಆವಾಗ, ಕಂದೀಲ ಎಲ್ಲಿತ್ತು, ನಾವು ಹೋಗಿದ್ದು ರಣರಣ ಬಿಸಲಾಗ — ಸಿಟ್ಟಿರಲಿಲ್ಲ ಅವನ ದನಿಯಲ್ಲಿ, ದಾರಿ ಕೇಳುವವನ ಹಾಗೆ ಕೇಳುತ್ತಿದ್ದ — ಕೂಸು ಉಳಸ್ರಿ ಅಂತ ಅಕಿ ಅಂದಿದ್ದಿಲ್ಲ ರಶೀದಾ, ನಾ ಎತ್ತು ಹೊಡೀತಿದ್ದೆ, ನೀ ಗಾಡಿ ಬಾಜೂಕ ನಡಕೋತ ಬರ್ತಿದ್ದಿ, ಅಕಿ ನಿನಗೇ ಕೇಳಿದ್ಲು, ನನ್ನ ಚಪ್ಪಲಿ ಎಲ್ಲ್ಯಾವ ಅಂತ ಕೇಳಿದ್ಲು, ಅದೇ ಕಡೀ ಮಾತು, ನಿನಗ ನೆಪ್ಪಿಲ್ಲೇನು? ಇಲ್ಲ ಅಂದಳು. ಇರಲಿ ಬಿಡು, ದವಾಖಾನಿ ಆಯ್ತಲ್ಲ, ಅದು ಛಲೋ ಆಯ್ತು, ಅಂದು ಟವೆಲು ಹೆಗಲಿಗೆ ಹಾಕಿಕೊಂಡು ಹೋದ, ಚಾ ಸಹ ಕುಡಿಯಲಿಲ್ಲ.

ಮಳಖೇಡ ರೋಡ್, ಗಾಡಿ ಎರಡು ನಿಮಿಷ ನಿಲ್ಲುತ್ತದೆ, ಮುದುಕಿ ಸಿಪ್ಪೆ ಕೊಡವಿ ಇಳಿದುಹೋದಳು, ಬರ್ತೀನವ್ವ, ನೌಕರಿ ಚಂದ ಆಗ್ಲಿ ಅಂದಳು, ರಶೀದಾಬೇಗಂ ಕರಡು ತೆಗೆದು ತೊಡೆಯ ಮೇಲೆ ಹಾಸಿದಳು, ಕೊನೆಯ ಸಾಲು ದಪ್ಪ ಅಕ್ಷರ, ಇದನ್ನು ತೆಗೆದರೆ ಅಮೀರ್ ಅಲಿ ಸಾಹೇಬರು ಏನಂತಾರೆ, ಇದೇನು ಮಾಡೀರಿ, ಇದರಾಗೇನೈತಿ ಇನ್ನ, ಅಂತಾರೆ, ಬೇರೆಯವರನ್ನು ನೋಡ್ತೀವಿ ಅನ್ನಲೂಬಹುದು, ಅಂದರೆ ತಿರುಗಿ ಚಿತ್ತಾಪುರ, ಆದರೆ ಆ ಕುರ್ಚಿಗೆ ಹೋದ ವಾರವೇ ಹೊಸಬಳು ಬಂದು ಕೂತಿದ್ದಾಳೆ, ಹಮೀದಾಬೇಗಂ, ತಾನೇ ಕಲಿಸಿ ಕೂರಿಸಿದ್ದು, ಎಬ್ಬಿಸಲಿಕ್ಕಾಗದು — ಎರಡೂ ಕಡೆ ಇಲ್ಲದಂತಾದರೆ? ಆದರೆ ಆಗಲಿ, ಚಂದಾ ಕೇಳೂದು ಬರ್ತದ, ಎಲ್ಲಿ ಹೋದರೂ ಬರ್ತದ. ಪೆನ್ನು ತೆಗೆದು ಕಂದೀಲಿಗೆ ಗೆರೆ ಎಳೆದಳು, ಹೊಳೆಗೆ ಎಳೆದಳು, ಕೊನೆಯ ಮಾತಿಗೆ ಎರಡು ಸಲ ಎಳೆದಳು, ಒಬ್ಬ ಹೆಣ್ಣುಮಗಳು ಅನ್ನುವುದನ್ನು ಹೊಡೆದು ಮೇಲೆ ಬರೆದಳು, ನನ್ನ ಅಕ್ಕ ಜಾನಬಿ, ಕೆಳಗೆ ಸಹಿ ಹಾಕಿದಳು, ತಾರೀಖು ಹಾಕಿದಳು, ಆಯಿತು, ಗಾಡಿ ಹೊರಟಿತು, ಕೊಯ್ದ ಜೋಳದ ಕೂಳೆ, ಅದರ ನಡುವೆ ಬಂಡಿ ದಾರಿ, ಇದೇ ದಾರಿ ಇರಬೇಕು, ಅಲ್ಲದಿದ್ದರೂ ಇಂಥದೇ, ಬಿಸಿಲಿಗೆ ಕಾದ ಮಣ್ಣು, ಜಾನಬಿ ಗಾಡಿಯೊಳಗಿಂದ ತಲೆ ಎತ್ತಿ ಕೇಳುತ್ತಾಳೆ, ನನ್ನ ಚಪ್ಪಲಿ ಎಲ್ಲ್ಯಾವ — ಸೇಡಮ್ಮಿನಾಗ ಇಳಿದು ನಡೀತೀನಿ ಅಂತ ತಿಳಕೊಂಡಿದ್ದಳು, ಸಾಯ್ತೀನಿ ಅಂತ ತಿಳಕೊಂಡೇ ಇರಲಿಲ್ಲ — ಅವ ಆಪಾ, ಮನ್ಯಾಗ ಅವ, ಮಂಚದ ಕೆಳಗ ಅವ, ಅಕ್ಕನಿಗೆ ಅಂದೆ, ಅಂದಿದ್ದೆ, ಅವು ಮನೆಯಲ್ಲಿರಲಿಲ್ಲ, ಅವಸರಕ್ಕೆ ಬಾಗಿಲಲ್ಲಿ ಸಿಕ್ಕಿದ್ದನ್ನು ಮೆಟ್ಟಿಕೊಂಡು ಓಡಿ ಬಂದಿದ್ದೆ, ಕೆಂಪು ಬಾರಿನವು, ನನಗೆ ಒಂದಳತೆ ದೊಡ್ಡವು, ಹೆಜ್ಜೆಗೊಮ್ಮೆ ಹಿಮ್ಮಡಿಗೆ ಬಡಿಯುತ್ತಿದ್ದವು, ಆಪಾ ಕೇಳ್ತಾಳೆ, ಮನ್ಯಾಗ ಅವ ಆಪಾ — ಬಿಸಿ ಮಣ್ಣು — ಕೆಂಪು ಬಾರು — ನನ್ನ ಕಾಲಾಗ — ಕೆಂಪು ಬಾರು — ನನ್ನ ಕಾಲಾಗ